ಇಟಲಿ ಹುಡುಗಿಯ ಪಾಠ, ನನ್ನ ಒಗ್ಗರಣೆ

ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ನಾನದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ. ಮೈಸೂರಿನಲ್ಲಿ ಬೆಳೆದವಳು ನಾನು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂದು ವಿಚಾರಿಸದೆ ಇಳಿದುಹೋದರೆ ಅದಕ್ಕೆ ಜಂಬ ಎನ್ನುತ್ತಾರೆ. ಐರ್ಲೆಂಡಿನ ಈ ಸ್ವೋರ್ಡ್ಸ್ ಎಂಬ ಊರಿಗೆ ಬಂದು ಎಷ್ಟೋ ವರ್ಷವಾಯಿತು. ಹತ್ತಿರದ ಸ್ಯಾಂಟ್ರಿಯ ಆಫೀಸೊಂದರಲ್ಲಿ ದಿನವಿಡೀ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆ ಕೆಲಸಕ್ಕೂ ಈ ಚಾಳಿಗೂ ಚೆನ್ನಾಗಿ ಹೊಂದಿಕೆಯಾಗಿಬಿಟ್ಟಿದೆ.

ಆದರೆ ಅದೇ ಪ್ರಶ್ನೆಯನ್ನು ಬೇರೆಯವರು ನಮ್ಮನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ದಿನ ಮಗಳ ಜೊತೆ ಬಸ್ಸಿನಲ್ಲಿ ಸಿಟಿಗೆ ಹೋಗುತ್ತಿದ್ದೆ. ಎದುರಿಗೆ ಕೂತಿದ್ದ ಐರಿಷ್ ಅಜ್ಜಿಯೊಬ್ಬರು ಮಗಳನ್ನು ನೋಡಿ ನಕ್ಕು, "ಯಾವ ಕಡೆಯವಳಮ್ಮ ನೀನು?" ಎಂದರು.

"ಸ್ವೋರ್ಡ್ಸ್," ಎಂದಳು ಮಗಳು.

"ಅದು ಸರಿ ಪುಟ್ಟಾ, ನಿಜವಾಗ್ಲೂ ಎಲ್ಲಿಯವಳು?"

"ಸ್ವೋರ್ಡ್ಸ್."

ಅಜ್ಜಿ ಈಗ ನನ್ನ ಕಡೆ ತಿರುಗಿದರು, ಸರಿಯಾದ ಉತ್ತರವನ್ನು ನಾನೇ ಚೀಲದಲ್ಲಿ ಬಚ್ಚಿಟ್ಟುಕೊಂಡಿರುವ ಹಾಗೆ. ಇಲ್ಲೇ ಹುಟ್ಟಿ, ಇಲ್ಲಿಯ ಮಳೆಯಲ್ಲೇ ನೆಂದು, ನಾನು ಕನ್ನಡದಲ್ಲಿ ಬೈದರೂ ಐರಿಷ್ ರಾಗದ ಇಂಗ್ಲಿಷಿನಲ್ಲೇ ತಿರುಗಿ ಬೈಯುವ ಈ ಹುಡುಗಿಗೆ ಇನ್ನೆಲ್ಲಿಂದ ಊರು ತಂದುಕೊಡಲಿ? ಇಳಿಯುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇಳಿದ ಮೇಲೆ ಅರ್ಧ ಗಂಟೆ ಬೈದೆ.

ಅದೇ ವಾರ ನಮ್ಮ ಎದುರಿನ ಫ್ಲ್ಯಾಟಿಗೆ ಹೊಸ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಗೋಧಿ ಮೈಬಣ್ಣ, ಉದ್ದ ಜಡೆ, ಅಚ್ಚುಕಟ್ಟಾದ ಮೂಗು. ನೋಡಿದ ತಕ್ಷಣ "ನಮ್ಮ ಕಡೆಯವಳೇ" ಎಂದು ತೀರ್ಮಾನಿಸಿದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಎರಡು ದಿನ ಕಾದೆ. ಬರಲಿಲ್ಲ. ಕೊನೆಗೆ ಒಂದು ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ನಾನೇ ಹೋಗಿ ಬಾಗಿಲು ತಟ್ಟಿದೆ. ಕನ್ನಡದಲ್ಲಿ ಮಾತಾಡಿಸಿದೆ, ಕಣ್ಣು ಪಿಳಿಪಿಳಿ ಬಿಟ್ಟಳು. ಹಿಂದಿಯಲ್ಲಿ ಕೇಳಿದೆ, "ಇಂಗ್ಲಿಷ್ ಪ್ಲೀಸ್," ಎಂದಳು. ಹಾಗಾಗಿ ಅವತ್ತಿನಿಂದ ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದಿದ್ದು. ನನ್ನ ತಲೆಯಲ್ಲಿ ಮಾತ್ರ ಅದು ಕನ್ನಡದಲ್ಲಿ ಉಳಿದಿದೆ.

"ಯಾವೂರು ನಿಮ್ದು?"

"ಇಟಲಿ."

"ಓಹೋ, ಅಲ್ಲಿ ಕೆಲಸದಲ್ಲಿದ್ರಾ? ನಾನು ಕೇಳಿದ್ದು ಸ್ವಂತ ಊರು."

"ಇಟಲಿ. ಬ್ರೆಶಾ ಅಂತ, ಅದರ ಹತ್ತಿರ ಒಂದು ಹಳ್ಳಿ."

"ಅಲ್ಲಮ್ಮಾ, ಮೂಲ? ಅಪ್ಪ ಅಮ್ಮ?"

"ಅವರೂ ಅಲ್ಲೇ ಇದಾರೆ," ಎಂದಳು. ಡಬ್ಬಿ ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡಳು.

ಹಿಂದೆ ತಿರುಗಿದರೆ ನಮ್ಮ ಬಾಗಿಲಲ್ಲಿ ಮಗಳು ಕೈಕಟ್ಟಿ ನಿಂತಿದ್ದಳು. "ಅಮ್ಮಾ! ಯೂ ಆರ್ ದ ಬಸ್ ಲೇಡಿ!"

"ಏಯ್, ಆಯಮ್ಮ ಕೇಳೋದು ಬೇರೆ, ನಾನು ಕೇಳೋದು ಬೇರೆ. ನಾನು ಪ್ರೀತಿಗೆ ಕೇಳ್ತೀನಿ," ಎಂದೆ.

"ಸೋ ಡಿಡ್ ಶೀ," ಎಂದು ಒಳಗೆ ಹೋದಳು. ಹೆತ್ತ ಮಕ್ಕಳ ಕೈಲಿ ಮುಖಕ್ಕೆ ಮಂಗಳಾರತಿ ಎತ್ತಿಸಿಕೊಳ್ಳುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇ ಎಂದು ಗೊಣಗಿಕೊಂಡೆ.

ಡಬ್ಬಿ ವಾಪಸು ಕೊಡಲು ಬಂದಾಗ ಹುಡುಗಿ ತಾನಾಗಿಯೇ ಎಲ್ಲ ಹೇಳಿದಳು. ಚಿತ್ರಾನ್ನದ ಮಹಿಮೆ ಅದು. ಅಪ್ಪ ಅಮ್ಮ ಪಂಜಾಬಿನವರು. ಮದುವೆಯಾದ ಹೊಸದರಲ್ಲೇ ಇಟಲಿಗೆ ಹೋಗಿ ಅಲ್ಲಿಯ ದನದ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಕೆಲಸಕ್ಕೆ ಸೇರಿದವರು. ಜಗತ್ತೆಲ್ಲ ಹೊಗಳುವ ಆ ಇಟಾಲಿಯನ್ ಚೀಸಿಗೆ ನಸುಕಿನಲ್ಲಿ ಎದ್ದು ಹಾಲು ಕರೆಯುವವರು ಇವರಂಥವರೇ ಎಂದಳು. ಹುಡುಗಿ ಹುಟ್ಟಿದ್ದು ಅಲ್ಲೇ, ಓದಿದ್ದು ಅಲ್ಲೇ. ಆದರೂ ಹದಿನೆಂಟು ತುಂಬುವವರೆಗೆ ಕಾನೂನಿನ ಪ್ರಕಾರ ಪರದೇಶಿ. ಶಾಲೆಯಲ್ಲಿ ಇಟಾಲಿಯನ್ ಪ್ರಬಂಧಕ್ಕೆ ಇವಳಿಗೇ ಹೆಚ್ಚು ಅಂಕ ಬರುತ್ತಿತ್ತಂತೆ. ಟೀಚರು ಪ್ರತಿ ಸಲವೂ "ವಿದೇಶೀಯಳಾಗಿ ಎಷ್ಟು ಚೆನ್ನಾಗಿ ಬರೀತೀಯ!" ಎಂದು ಬೆನ್ನು ತಟ್ಟುತ್ತಿದ್ದರಂತೆ.

"ಮತ್ತೆ ಇಲ್ಲಿಗೆ ಯಾಕೆ ಬಂದೆ?" ಎಂದು ಕೇಳಿದೆ.

"ಇಟಲಿಯಿಂದ ಹೊರಗೆ ಹೋದರೆ ಇಟಾಲಿಯನ್ ಆಗ್ತೀನಿ ಅಂದ್ಕೊಂಡೆ," ಎಂದಳು. "ಅಲ್ಲಿ ಎಲ್ಲರೂ ಇಂಡಿಯನ್ ಅಂತಿದ್ರು. ಇಲ್ಲಿ ನೋಡಿದರೆ ಇಲ್ಲೂ ಇಂಡಿಯನ್ನೇ."

ಏರ್‌ಪೋರ್ಟಿನ ಕಾಫಿ ಕೌಂಟರಿನಲ್ಲಿ ಅವಳಿಗೆ ಕೆಲಸ. ಕಾಫಿ ಕೊಟ್ಟರೆ ಗಿರಾಕಿಗಳು "ನಿಮ್ಮ ದೇಶದಲ್ಲಿ ಟೀ ಅಲ್ವಾ?" ಎಂದು ಕೇಳುತ್ತಿದ್ದರಂತೆ. ಅದನ್ನು ಹೇಳುವಾಗ ಅವಳ ಎರಡೂ ಕೈ ಗಾಳಿಯಲ್ಲಿ ಮಾತಾಡುತ್ತಿದ್ದವು. ನನಗೆ ಅವಳ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ನನಗೆ ಯಾರ ಮೇಲಾದರೂ ಪ್ರೀತಿ ಹುಟ್ಟಿದರೆ ಅವರ ಜಾತಕ ಸ್ವಲ್ಪ ನೆಟ್ಟಗಿರಬೇಕು. ಯಾಕೆಂದರೆ ನಾನು ಸಹಾಯ ಮಾಡಲು ಹೊರಡುತ್ತೇನೆ.

ಕೆಲವು ತಿಂಗಳ ಮೇಲೆ ಅವಳು ಹತ್ತಿರದ ಸಮುದಾಯ ಭವನದಲ್ಲಿ ಶನಿವಾರ ಬೆಳಿಗ್ಗೆ ಇಟಾಲಿಯನ್ ಭಾಷೆಯ ಕ್ಲಾಸು ಶುರುಮಾಡಿದಳು. ಓಡಿಬಂದು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಹತ್ತು ಶನಿವಾರದ ಪಾಠ, ಚೆನ್ನಾಗಿ ನಡೆದರೆ ಮುಂದಿನ ಟರ್ಮೂ ಅವಳದೇ. "ಜೀವನದಲ್ಲಿ ಮೊದಲ ಸಲ ನನ್ನನ್ನ ಇಟಾಲಿಯನ್ ಅಂತ ಕೆಲಸಕ್ಕೆ ಇಟ್ಕೊಂಡಿದಾರೆ," ಎಂದು ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಆ ಕ್ಲಾಸು ಎಷ್ಟು ದೊಡ್ಡದು ಎಂಬುದು ಆ ಹಿಡಿತದಲ್ಲೇ ಗೊತ್ತಾಯಿತು.

ಮೊದಲ ಶನಿವಾರ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಐರಿಷ್ ದಂಪತಿ ಬಾಗಿಲು ತೆಗೆದು ಒಳಗೆ ಇಣುಕಿದರು. ಬೋರ್ಡಿನ ಮುಂದೆ ಇವಳು, ಹಿಂದೆ ನಾನು. "ಸಾರಿ ಲವ್, ಯೋಗ ಕ್ಲಾಸಿಗೆ ಬಂದುಬಿಟ್ವಿ ಅನ್ಸುತ್ತೆ," ಎಂದು ಬಾಗಿಲು ಹಾಕಿಕೊಂಡರು. ಆಮೇಲೆ ಬಂದ ಹೆಂಗಸು ಚಾಪೆಯನ್ನೇ ತಂದಿದ್ದರು, ಅವರು ಹುಡುಕುತ್ತಿದ್ದುದು ನಿಜವಾಗಿಯೂ ಯೋಗವನ್ನೇ. "ಇದೇ ಇರಬೇಕು," ಎಂದು ನಮ್ಮಿಬ್ಬರನ್ನು ನೋಡಿ ಶೂ ಬಿಚ್ಚಿಯೇ ಬಿಟ್ಟರು. ಅವರನ್ನು ಪಕ್ಕದ ಕೋಣೆಗೆ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಪಕ್ಕದ ಕೋಣೆಯಲ್ಲಿ ಯೋಗ ಕಲಿಸುತ್ತಿದ್ದವನು ಕಾರ್ಕ್ ಎಂಬ ಊರಿನ, ಕೆಂಪು ಕೂದಲಿನ ಐರಿಷ್ ಹುಡುಗ.

ಕೊನೆಗೆ ಉಳಿದವರು ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರು, ಮತ್ತು ನಿವೃತ್ತ ಬಸ್ ಡ್ರೈವರೊಬ್ಬರು. ಡ್ರೈವರಜ್ಜನ ಮಗಳು ಇಟಲಿಯವನನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಳು, ಬೀಗರ ಜೊತೆ ಎರಡು ಮಾತಾಡಬೇಕೆಂಬ ಆಸೆ ಅವರಿಗೆ. ಭವನದ ಉಸ್ತುವಾರಿ ನೋಡುವ ಐರಿಷ್ ಹೆಂಗಸು ಬಂದು ತಲೆ ಎಣಿಸಿ, "ಇಷ್ಟೇ ಜನ ಆದರೆ ಕಷ್ಟ," ಎಂದು ಹೋದರು. ಹುಡುಗಿಯ ಮುಖ ಬಾಡಿತು.

ನಾನು ಬಿಡುತ್ತೇನೆಯೇ? ಅವತ್ತೇ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದೆ: "ನಮ್ಮ ಇಂಡಿಯಾದ ಹುಡುಗಿ ಇಟಾಲಿಯನ್ ಕಲಿಸ್ತಿದಾಳೆ. ನಮ್ಮವರಿಗೆ ನಾವಲ್ಲದೆ ಇನ್ಯಾರು? ಎಲ್ಲರೂ ಬನ್ನಿ. ಕಾಫಿ ವ್ಯವಸ್ಥೆ ಇದೆ."

ಮುಂದಿನ ಶನಿವಾರ ಕೋಣೆ ತುಂಬಿತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಅವರ ಹೆಂಡತಿಯರು, ದಾವಣಗೆರೆಯ ಡಾಕ್ಟರೊಬ್ಬರು, ಎಲ್ಲರೂ ಮುಂದಿನ ಸಾಲಿಗೇ ನುಗ್ಗಿದರು. ಮೂರು ಬಣ್ಣದ ಪೆನ್ನು ತಂದಿದ್ದರು. ಪಾಠ ಶುರುವಾಗುವ ಮೊದಲೇ ಒಬ್ಬ ಕೈಯೆತ್ತಿ, "ಮೇಡಂ, ಕೊನೇಲಿ ಎಕ್ಸಾಮ್ ಇರತ್ತಾ?" ಎಂದ. ಇರುವುದಿಲ್ಲ ಎಂದಾಗ ಮುಖ ಸಪ್ಪಗೆ ಮಾಡಿದ. ಬ್ಯಾಂಕಿನ ಹೆಂಗಸರು ನಮ್ಮನ್ನು ಗಾಬರಿಯಿಂದ ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಡಾಕ್ಟರು ಎದ್ದುನಿಂತು, ಎರಡೂ ಕೈ ಜೋಡಿಸಿ, "ನಮ್ಮವರಾಗಿ ಇಟಾಲಿಯನ್ ಇಷ್ಟು ಚೆನ್ನಾಗಿ ಕಲ್ತಿದೀರಲ್ಲ, ನಮಗೆಲ್ಲ ಹೆಮ್ಮೆ," ಎಂದು ಸಣ್ಣ ಭಾಷಣವನ್ನೇ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಪೈಕಿ ನಾನೇ ಜೋರಾಗಿ ತಟ್ಟಿದವಳು.

ಹುಡುಗಿ ನನ್ನನ್ನು ಹೊರಗೆ ಕರೆದುಕೊಂಡು ಹೋದಳು.

"ಅವರಿಗೆ ಏನಂತ ಹೇಳಿ ಕರ್ಕೊಂಡು ಬಂದ್ರಿ?"

ಹೇಳಿದೆ.

"ನಾನು ಕಲ್ತಿಲ್ಲ," ಎಂದಳು. "ಅದು ನನ್ನ ಭಾಷೆ. ನೀವು ಕನ್ನಡ ಕಲ್ತಿದ್ದಾ? ನಿಮಗೆ ಯಾರಾದ್ರೂ ಚಪ್ಪಾಳೆ ತಟ್ಟಿದ್ರಾ?"

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಓಡಾಡಿ ಕ್ಲಾಸು ಉಳಿಸಿಕೊಟ್ಟರೆ ಹೀಗೆ ಕೇಳುವುದೇ? "ಜನ ಬೇಕಿತ್ತು, ಜನ ತಂದೆ. ಅವರು ಯಾಕೆ ಬಂದ್ರು ಅನ್ನೋದನ್ನ ಕಟ್ಕೊಂಡು ನಿನಗೇನಾಗ್ಬೇಕು?" ಎಂದೆ. ಅವಳು ಒಳಗೆ ಹೋದಳು. ಸಂಜೆವರೆಗೂ ನನಗೆ ಊಟ ಸೇರಲಿಲ್ಲ. ಮಧ್ಯೆ ಒಂದು ಸಲ ಯಜಮಾನರನ್ನು, "ನಾನು ಕನ್ನಡ ಚೆನ್ನಾಗಿ ಮಾತಾಡ್ತೀನಿ ಅಂತ ಯಾರಾದ್ರೂ ಹೊಗಳಿದ್ರೆ ನನಗೆ ಹೇಗಾಗ್ಬಹುದು?" ಎಂದು ಕೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಹೊಗಳಿದವನ ಕಥೆ ಮುಗೀತು," ಎಂದರು. ಆಗ ನನಗೆ ವಿಷಯ ಸ್ವಲ್ಪ ಸ್ವಲ್ಪ ಇಳಿಯಿತು.

ಜಗಳವೆಲ್ಲ ಎರಡು ವಾರದಲ್ಲಿ ತಣ್ಣಗಾಯಿತು. ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. ಮನೆಯ ಮಾತು, ಅಡುಗೆಯ ಮಾತು, ಅಪ್ಪ ಅಮ್ಮ, ಈರುಳ್ಳಿ, ಬಾಗಿಲು, ಕಿಟಕಿ ಎಲ್ಲ ಬಾಯಿಗೆ ಬಂದವು. ಡ್ರೈವರಜ್ಜ ಮಾತ್ರ ತಪ್ಪಿಲ್ಲದೆ ಒಂದು ವಾಕ್ಯ ಹೇಳಿದವರಲ್ಲ, ಆದರೂ ಒಂದು ವಾರವೂ ತಪ್ಪಿಸಿಕೊಂಡವರಲ್ಲ. ಅಂಥವರೇ ಹೋಗಿ ಉಸ್ತುವಾರಿಯವರ ಹತ್ತಿರ ಒಂದು ಮಾತು ಹಾಕಿದ್ದರು. "ಹುಡುಗಿ ಗ್ರಾಂಡ್, ಬಹಳ ಒಳ್ಳೇವಳು. ಆದರೆ ಅಸಲಿ ಇಟಾಲಿಯನ್ ಸಿಕ್ಕಿದ್ರೆ ಉಚ್ಚಾರಣೆ ಸರಿಯಾಗಿ ಬರ್ತಿತ್ತೇನೋ," ಎಂದು. ತಮ್ಮ ನಾಲಿಗೆ ಹೊರಳದ್ದಕ್ಕೆ ಅಜ್ಜನಿಗೆ ಸಿಕ್ಕ ಕಾರಣ ಅದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಉಸ್ತುವಾರಿಯವರು ಹುಡುಗಿಗೆ ನಯವಾಗಿಯೇ ಹೇಳಿದರು: ಕೊನೆಯ ಶನಿವಾರ ತಾವೂ ಬಂದು ಕೂತು ನೋಡುತ್ತಾರೆ, ಮುಂದಿನ ಟರ್ಮಿಗೆ ಇಟಲಿಯಿಂದಲೇ ಬಂದ ಯಾರಾದರೂ ಸಿಗುತ್ತಾರೋ ಎಂದು ವಿಚಾರಿಸುತ್ತಿದ್ದಾರೆ. "ಇಟಲಿಯಿಂದಲೇ ಬಂದ ಯಾರಾದರೂ!" ಎಂದು ನನ್ನ ಅಡುಗೆಮನೆಯಲ್ಲಿ ಕೂತು ಹುಡುಗಿ ನಗಲು ಹೋಗಿ ಅತ್ತಳು. "ನಾನು ಇನ್ನೆಲ್ಲಿಂದ ಬರ್ಬೇಕು?" ಎಂದಳು. ನನಗೂ ಅಳು ಬಂತು. ಅಜ್ಜನನ್ನು ಕನ್ನಡದಲ್ಲಿ ಚೆನ್ನಾಗಿ ಬೈದೆ. ಅರ್ಥವಾಗದಿದ್ದರೂ ಅವಳಿಗೆ ಸ್ವಲ್ಪ ಹಗುರಾಯಿತು.

ಕೊನೆಯ ಶನಿವಾರ ಎಲ್ಲರೂ ಒಟ್ಟಿಗೆ ಊಟ ಮಾಡುವುದೆಂದು ಅವಳೇ ಏರ್ಪಾಡು ಮಾಡಿದಳು. ಅವಳಮ್ಮ ಊರಿನಿಂದ ಕಳಿಸಿದ್ದ ಪಾಸ್ತಾ ಪೊಟ್ಟಣಗಳನ್ನು ನನಗೆ ಕೊಟ್ಟು, "ನೀವು ಇದನ್ನ ಬರೀ ಬೇಯಿಸ್ಕೊಂಡು ಬನ್ನಿ ಸಾಕು. ಸಾಸ್ ನಾನು ತರ್ತೀನಿ. ಅವರಿಗೆ ಸರಿಯಾದ ಇಟಾಲಿಯನ್ ಊಟ ಹೇಗಿರತ್ತೆ ತೋರಿಸೋಣ," ಎಂದಳು. ನಸುಕಿನ ಪಾಳಿ ಮುಗಿಸಿಕೊಂಡು ನೇರ ಭವನಕ್ಕೇ ಬರುವವಳು ಅವಳು.

ನಾನು ಪೊಟ್ಟಣ ಬಿಚ್ಚಿದೆ. ಕೂದಲೆಳೆಯಂಥ ತೆಳ್ಳನೆಯ ಉದ್ದುದ್ದ ಎಳೆಗಳು. ಇದನ್ನು ಯಾವ ಹೆಸರಿನಿಂದ ಬೇಕಾದರೂ ಕರೆಯಿರಿ, ಮೈಸೂರಿನಲ್ಲಿ ಹುಟ್ಟಿದ ಹೆಂಗಸಿನ ಕಣ್ಣಿಗೆ ಇದು ಶಾವಿಗೆ. ಕೈ ತಾನಾಗಿಯೇ ಹಿಡಿ ತುಂಬ ಹಿಡಿದು ಲಟಲಟನೆ ಮುರಿಯಿತು. ಬರೀ ಬೇಯಿಸಬೇಕಂತೆ! ಉಪ್ಪುನೀರಿನಲ್ಲಿ ಬೆಂದಿದ್ದನ್ನು ಹಾಗೇ ತೆಗೆದುಕೊಂಡು ಹೋಗಿ ಹತ್ತಾರು ಜನರ ಮುಂದೆ ಇಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಅವಳ ಕೆಲಸ ಬೇರೆ ಇದರ ಮೇಲೆ ನಿಂತಿದೆ. ರುಚಿಯಾಗಿರಬೇಕು. ತುಪ್ಪದಲ್ಲಿ ಘಮ್ಮೆನ್ನುವ ಹಾಗೆ ಹುರಿದೆ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟೆ. ನಿಂಬೆಹಣ್ಣು ಹಿಂಡಿದೆ. ಮಗಳು ಬಂದು ಪಾತ್ರೆಯೊಳಗೆ ನೋಡಿದಳು, ಕಸದ ಬುಟ್ಟಿಯಲ್ಲಿದ್ದ ಖಾಲಿ ಪೊಟ್ಟಣ ನೋಡಿದಳು.

"ಅಮ್ಮಾ, ಶೀಸ್ ಗೋಯಿಂಗ್ ಟು ಕಿಲ್ ಯೂ."

"ಒಂದು ತುತ್ತು ತಿಂದ ಮೇಲೆ ಕೊಲ್ಲಲಿ," ಎಂದೆ.

ಭವನದಲ್ಲಿ ಎಲ್ಲರೂ ಸೇರಿದ್ದರು. ಉಸ್ತುವಾರಿಯವರು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಪೆನ್ನು ಹಿಡಿದು ಕೂತಿದ್ದರು. ಹುಡುಗಿ ಕೆಲಸದಿಂದ ಓಡಿಬಂದಿದ್ದಳು. ಮೇಜಿನ ಮೇಲೆ ಕೆಂಪು ಸಾಸಿನ ಪಾತ್ರೆ ಇಟ್ಟು, ಎರಡು ಮಾತು ಹೇಳಿ, "ಈಗ ಪಾಸ್ತಾ," ಎಂದು ನನ್ನ ಪಾತ್ರೆಯ ಮುಚ್ಚಳ ತೆಗೆದಳು.

ಶುರುವಾಯಿತು ನೋಡಿ! ಅವಳ ಎರಡೂ ಕೈ ತಲೆಯ ಮೇಲೆ ಹೋದವು, ಅಲ್ಲಿಂದ ಎದೆಗೆ ಬಂದವು, ಎದೆಯಿಂದ ಸೂರಿಗೆ. ಅಚ್ಚ ಇಟಾಲಿಯನ್ನಿನಲ್ಲಿ, ಉಸಿರೂ ತೆಗೆದುಕೊಳ್ಳದೆ, ಹತ್ತು ಶನಿವಾರದಲ್ಲಿ ನಮಗೆ ಹೇಳಿಕೊಡದ ಮಾತುಗಳೆಲ್ಲ ಹೊರಗೆ ಬಿದ್ದವು. ಪಾಸ್ತಾ ಮುರಿಯುವುದು ಅವರಲ್ಲಿ ಮಹಾಪಾಪವಂತೆ; ಮುರಿದ ತುಂಡೊಂದನ್ನು ಬೆರಳಲ್ಲಿ ಎತ್ತಿ ನನಗೆ ತೋರಿಸಿದಳು, ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಅಭ್ಯಾಸಬಲದಿಂದ ಕನ್ನಡಕ ಸರಿಮಾಡಿಕೊಂಡು ಪರೀಕ್ಷಿಸಿದರು. ಸಾಸಿವೆ ಕಾಳು ಕಂಡಾಗ ಇನ್ನೊಂದು ಸುತ್ತು ಶುರುವಾಯಿತು. ಪಕ್ಕದ ಕೋಣೆಯ ಯೋಗದವರು ಬಾಗಿಲಲ್ಲಿ ಬಂದು ನಿಂತರು. ಬೈಸಿಕೊಳ್ಳುತ್ತಿದ್ದ ನನಗೆ ಮಾತ್ರ, ಅಬ್ಬಾ, ಎಷ್ಟು ಚೆನ್ನಾಗಿ ಬೈತಾಳೆ ಹುಡುಗಿ ಎನಿಸುತ್ತಿತ್ತು. ನಮ್ಮ ಅತ್ತಿಗೆಯ ನಂತರ ನನ್ನನ್ನು ಅಷ್ಟು ಸೊಗಸಾಗಿ ಬೈದವರು ಯಾರೂ ಇರಲಿಲ್ಲ.

ಡ್ರೈವರಜ್ಜ ಮಾತ್ರ ಬಾಯಿ ತೆರೆದು ನೋಡುತ್ತಿದ್ದರು. "ದೇವರೇ, ನಮ್ಮ ಬೀಗಿತ್ತೀನೂ ಹೀಗೇ," ಎಂದು ಮೆಲ್ಲಗೆ ಹೇಳಿಕೊಂಡರು.

ಬೈದು ಬೈದು ಹುಡುಗಿಗೆ ಸುಸ್ತಾಯಿತು. ಕುರ್ಚಿಯಲ್ಲಿ ಕೂತಳು. ನಾನು ಒಂದು ತಟ್ಟೆಗೆ ಬಡಿಸಿ ಅವಳ ಮುಂದೆ ಇಟ್ಟೆ. ನನಗೆ ಬೇರೆ ಏನೂ ತೋಚಲಿಲ್ಲ. ಅವಳು ಫೋರ್ಕಿನಲ್ಲಿ ಸ್ವಲ್ಪ ತೆಗೆದು ಬಾಯಿಗಿಟ್ಟಳು. ಅಗಿಯುವುದನ್ನು ನಡುವೆಯೇ ನಿಲ್ಲಿಸಿದಳು. ಕಣ್ಣು ತುಂಬಿಬಂತು. ಖಾರ ಜಾಸ್ತಿಯಾಯಿತೇನೋ ಎಂದು ನಾನು ನೀರು ತರಲು ಎದ್ದೆ.

ಅವಳು ಕೈ ಹಿಡಿದು ಕೂರಿಸಿದಳು. ಈಗ ನಿಧಾನವಾಗಿ ಇಟಾಲಿಯನ್ನಿನಲ್ಲಿ ಹೇಳತೊಡಗಿದಳು, ಪಾಠ ಹೇಳುವಾಗಿನ ಧ್ವನಿಯಲ್ಲಿ, ನಮಗೆ ಕಲಿಸಿದ್ದ ಸಣ್ಣ ಸಣ್ಣ ಮಾತುಗಳಲ್ಲೇ. ನನ್ನ ಅಮ್ಮನೂ ಮುರೀತಾಳೆ. ಈರುಳ್ಳಿ ಹಾಕ್ತಾಳೆ, ಮೆಣಸಿನಕಾಯಿ ಹಾಕ್ತಾಳೆ. ನಾನು ಚಿಕ್ಕವಳು. ನನಗೆ ನಾಚಿಕೆ. ಪಕ್ಕದ ಮನೆಯವರು ನೋಡ್ತಾರೆ ಅಂತ ನಾನು ಕಿಟಕಿ ಮುಚ್ತೀನಿ.

ಒಂದು ಪದವೂ ಬಿಡದೆ ನನಗೆ ಅರ್ಥವಾಯಿತು. ತಿರುಗಿ ನೋಡಿದರೆ ಎಲ್ಲರಿಗೂ ಅರ್ಥವಾಗಿತ್ತು. ಪರೀಕ್ಷೆ ಬೇಕೆಂದಿದ್ದ ಹುಡುಗ ಪೆನ್ನು ಕೆಳಗಿಟ್ಟಿದ್ದ. ಬ್ಯಾಂಕಿನ ಹೆಂಗಸರಲ್ಲಿ ಒಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು. ನನಗಂತೂ ಧಾರಾಕಾರ. ಅರ್ಥವಾಗದೆ ಉಳಿದವರು ಉಸ್ತುವಾರಿಯವರೊಬ್ಬರೇ. ಅವರು ಎಲ್ಲರ ಮುಖವನ್ನೂ ನೋಡಿ, ಡ್ರೈವರಜ್ಜನ ಕಡೆ ಬಗ್ಗಿ ಪಿಸುಗುಟ್ಟಿದರು.

"ಏನಂದಳು?"

ಅಜ್ಜ ಗಂಟಲು ಸರಿಮಾಡಿಕೊಂಡರು. "ಅವಳ ಅಮ್ಮನೂ ಹೀಗೇ ಮಾಡ್ತಿದ್ರಂತೆ."

"ಓ," ಎಂದರು ಉಸ್ತುವಾರಿಯವರು. "ಇಂಡಿಯಾದಲ್ಲಾ?"

"ಅಲ್ಲ," ಎಂದರು ಅಜ್ಜ, ಸ್ವಲ್ಪ ಸಿಟ್ಟಿನಿಂದಲೇ. "ಇಟಲಿಯಲ್ಲಿ. ಅವಳ ಮನೆಯಲ್ಲಿ."